ಒಂಬತ್ತು ಬುಟ್ಟಿಗೆ ಹದಿನಾಲ್ಕು ತಿಂಗಳು

ಹೋದ ಕಂತಿನಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ನಮ್ಮೂರ ಹಳ್ಳದ ಪಕ್ಕ ಡಿಸ್ಕ್ ಗಾಲ್ಫ್ ಕೋರ್ಸ್ ಶುರುವಾಯ್ತು, ನಾನೂ ಅದಕ್ಕೆ ಸ್ವಲ್ಪ ಮಣ್ಣು ಹೊತ್ತೆ ಅಂತ. ಆ ಸಾಲಿಗೆ ಬಂದಷ್ಟು ಪ್ರಶ್ನೆ ಇಡೀ ಲೇಖನಕ್ಕೆ ಬರಲಿಲ್ಲ. ಅದೇನು ಆಟ? ಗಾಲ್ಫ್ ಅಂದ್ರೆ ದುಡ್ಡಿರೋರದ್ದಲ್ವಾ? ಜಾಗ ಯಾರು ಕೊಟ್ಟರು? ಮಂಡ್ಯದ ಓದುಗರೊಬ್ಬರು ಇನ್ನೂ ನೇರವಾಗಿ ಕೇಳಿದ್ದಾರೆ: "ಮೇಡಂ, ಆಫೀಸ್ ಕೆಲಸ ಬಿಟ್ಟು ನಿಮಗ್ಯಾಕೆ ಬೇಕಿತ್ತು ಇದು?" ಅದಕ್ಕೂ ಉತ್ತರ ಇದೆ, ನಿಧಾನಕ್ಕೆ ಹೇಳ್ತೀನಿ.

ಮೊದಲು ಆಟ. ಗಾಲ್ಫ್‌ನಲ್ಲಿ ಚೆಂಡನ್ನ ಕೋಲಿನಿಂದ ಹೊಡೆದು ಗುಳಿಗೆ ಹಾಕ್ತಾರಲ್ಲ, ಇಲ್ಲಿ ಪ್ಲಾಸ್ಟಿಕ್ ತಟ್ಟೆಯನ್ನ ಎಸೆದು ಬುಟ್ಟಿಗೆ ಹಾಕಬೇಕು. ಬುಟ್ಟಿ ಅಂದ್ರೆ ಒಂದು ಕಂಬ, ಅದರ ಮೇಲಿಂದ ಸುತ್ತಲೂ ಇಳಿಬಿದ್ದ ಕಬ್ಬಿಣದ ಚೈನುಗಳು, ಕೆಳಗೆ ತಂತಿಯ ಬುಟ್ಟಿ. ತಟ್ಟೆ ಚೈನಿಗೆ ತಾಗಿ "ಝಲ್" ಅಂತ ಸದ್ದು ಮಾಡಿ ಬುಟ್ಟಿಗೆ ಬಿದ್ದರೆ ಆ ಹೋಲ್ ಮುಗೀತು. ಎಷ್ಟು ಕಡಿಮೆ ಎಸೆತದಲ್ಲಿ ಮುಗಿಸ್ತೀರೋ ಅಷ್ಟು ಒಳ್ಳೇದು. ಬಿದ್ದ ಜಾಗದಿಂದಲೇ ಮುಂದಿನ ಎಸೆತ. ಒಂಬತ್ತು ಅಥವಾ ಹದಿನೆಂಟು ಹೋಲ್, ಕಾಡಿನ ಮಧ್ಯೆ, ಹುಲ್ಲಿನ ಮೇಲೆ, ಹಳ್ಳ ದಾಟಿ ನಡೆಯುತ್ತಾ ಹೋಗೋದು.

ತಟ್ಟೆ ಅಂದೆ, ಆದರೆ ನಾವು ಬೀಚಿನಲ್ಲಿ ಎಸೆಯೋ ಫ್ರಿಸ್ಬಿ ಅಲ್ಲ. ಅದಕ್ಕಿಂತ ಚಿಕ್ಕದು, ಸುಮಾರು 21 ಸೆಂಟಿಮೀಟರ್ ಅಗಲ, ತೂಕ ಹೆಚ್ಚಾಗಿ 150ರಿಂದ 180 ಗ್ರಾಂ, ಅಂಚು ಗಟ್ಟಿ. ದೂರಕ್ಕೆ ಹೋಗೋದು ಡ್ರೈವರ್, ನಡುವಿನದು ಮಿಡ್‌ರೇಂಜ್, ಬುಟ್ಟಿ ಹತ್ತಿರ ಬಂದಾಗ ಪಟರ್. ಮೂರು ಡಿಸ್ಕ್ ಇದ್ದರೆ ಸಾಕು, ಒಂದಕ್ಕೆ ಹತ್ತರಿಂದ ಇಪ್ಪತ್ತು ಡಾಲರ್. ಕೋರ್ಸುಗಳು ಬಹುಪಾಲು ಸಾರ್ವಜನಿಕ ಪಾರ್ಕುಗಳಲ್ಲಿವೆ, ಆಡೋಕೆ ಶುಲ್ಕ ಇಲ್ಲ. ಮೆಂಬರ್‌ಶಿಪ್, ಡ್ರೆಸ್ ಕೋಡ್ ಏನೂ ಇಲ್ಲ. ಹಾಗಾಗಿ ದುಡ್ಡಿರೋರ ಆಟ ಅನ್ನೋ ಮಾತಿಗೆ ಉತ್ತರ ಸಿಕ್ತು ಅಂದ್ಕೋತೀನಿ.

ಜನ ಮರಕ್ಕೋ ದೀಪದ ಕಂಬಕ್ಕೋ ಕಸದ ಡಬ್ಬಿಗೋ ಗುರಿಯಿಟ್ಟು ಫ್ರಿಸ್ಬಿ ಎಸೆದು ಆಡೋದು ಮೊದಲಿಂದಲೂ ಇತ್ತು. ಅದಕ್ಕೊಂದು ಶಿಸ್ತು ತಂದವರು ಎಡ್ ಹೆಡ್ರಿಕ್. ವ್ಹಾಮ್-ಓ ಕಂಪನಿಯಲ್ಲಿ ಫ್ರಿಸ್ಬಿಯನ್ನು ನೆಟ್ಟಗೆ ಹಾರುವ ಹಾಗೆ ತಿದ್ದಿ 1967ರಲ್ಲಿ ಪೇಟೆಂಟ್ ಪಡೆದಿದ್ದ ಮನುಷ್ಯ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕೋರ್ಸ್ ಮಾಡಿದರು. ಅಲ್ಲಿ ಬುಟ್ಟಿ ಇರಲಿಲ್ಲ, ಬರೀ ಕಂಬ. ತಟ್ಟೆ ಕಂಬಕ್ಕೆ ತಾಗಿತೋ ಇಲ್ಲವೋ ಅಂತ ಜಗಳ ಆಗ್ತಿದ್ದದ್ದು ಸಹಜ. ಆಮೇಲೆ ಚೈನು ತೂಗುಬಿಟ್ಟ ಬುಟ್ಟಿ ಬಂತು, 1977ರಲ್ಲಿ ಅದಕ್ಕೂ ಪೇಟೆಂಟ್ ಸಿಕ್ಕಿತು. 1976ರಲ್ಲೇ ಆಟಗಾರರ ಸಂಘ ಪಿಡಿಜಿಎ ಕಟ್ಟಿದ್ದರು. 2002ರಲ್ಲಿ ತೀರಿಕೊಂಡಾಗ ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ನಮ್ಮಮ್ಮನಿಗೆ ಇದನ್ನ ಹೇಳಿದಾಗ "ಗಂಗೆಗೆ ಬಿಡೋದು ಬಿಟ್ಟು ಗಾಳಿಗೆ ಬಿಟ್ರಾ" ಅಂದ್ರು. ಈಗ ಜಗತ್ತಿನಲ್ಲಿ 15,000ಕ್ಕೂ ಹೆಚ್ಚು ಕೋರ್ಸುಗಳಿವೆ. ಅರ್ಧಕ್ಕಿಂತ ಹೆಚ್ಚು ಅಮೆರಿಕದಲ್ಲೇ, ಆದರೆ ಜನಸಂಖ್ಯೆಗೆ ಹೋಲಿಸಿದರೆ ಫಿನ್ಲೆಂಡ್, ಎಸ್ಟೋನಿಯಾ, ಐಸ್ಲೆಂಡ್‌ನವರು ತುಂಬ ಮುಂದೆ.

ಇನ್ನು ನಮ್ಮೂರು. ನಾನಿರೋದು ನಾರ್ತ್ ಕ್ಯಾರೊಲಿನಾದಲ್ಲಿ, ಶಾರ್ಲೆಟ್‌ನಿಂದ ಅರ್ಧ ಗಂಟೆ ದೂರದ ಪುಟ್ಟ ಊರಲ್ಲಿ. ಶಾರ್ಲೆಟ್ ಒಳಗೆ ಒಳ್ಳೊಳ್ಳೆ ಕೋರ್ಸುಗಳಿವೆ, ಈ ಆಟದ ಮಟ್ಟಿಗೆ ಅದು ಹೆಸರಾದ ಊರೇ. ಆದರೆ ವಾರದ ದಿನ ಲಾಗಿನ್, ಸ್ಟ್ಯಾಂಡಪ್, ರಾತ್ರಿ ಬೆಂಗಳೂರು ಟೀಮಿನ ಜೊತೆ ಕಾಲ್ ಅಂತ ಇರೋವಾಗ ನಲವತ್ತು ನಿಮಿಷ ಡ್ರೈವ್ ಮಾಡಿ ಆಡೋಕೆ ಹೋಗೋದು ಆಗದ ಮಾತು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆಯೇ ಹಳ್ಳದ ಪಕ್ಕ ಹದಿನೈದು ಎಕರೆ ಖಾಲಿ ಬಿದ್ದಿತ್ತು.

ಆ ಖಾಲಿ ಜಾಗದ ಕಥೆ ಇಂಜಿನಿಯರಿಂಗ್ ಓದಿದೋರಿಗೆ ಇಷ್ಟ ಆಗುತ್ತೆ. ಹಳ್ಳ ಉಕ್ಕಿದಾಗಲೆಲ್ಲ ಮುಳುಗುವ ಮನೆಗಳನ್ನ ಪ್ರತಿ ಸಲ ರಿಪೇರಿ ಮಾಡೋ ಬದಲು ಸರ್ಕಾರವೇ ಕೊಂಡುಕೊಂಡು, ಕೆಡವಿ, ಜಾಗವನ್ನ ನೀರಿಗೇ ಬಿಟ್ಟುಕೊಡೋ ಕೆಲಸ ಶಾರ್ಲೆಟ್ ಕಡೆ 1999ರಿಂದ ನಡೀತಿದೆ. ಮಾಲೀಕರು ಇಷ್ಟಪಟ್ಟರೆ ಮಾತ್ರ ಮಾರೋದು, ಬಲವಂತ ಇಲ್ಲ. ಕೇಂದ್ರ ಸರ್ಕಾರದ ವಿಪತ್ತು ನಿಧಿಯಿಂದ ಹೀಗೆ ಕೊಂಡ ಜಾಗದಲ್ಲಿ ಮತ್ತೆ ಯಾವತ್ತೂ ಮನೆ ಕಟ್ಟೋ ಹಾಗಿಲ್ಲ, ಬಯಲಾಗಿಯೇ ಇರಬೇಕು ಅಂತ ಪತ್ರದಲ್ಲೇ ಬರೆದಿರುತ್ತೆ. ಪಾರ್ಕ್ ಮಾಡಬಹುದು, ನಡೆಯೋ ದಾರಿ ಮಾಡಬಹುದು. ರಾಜಕಾಲುವೆ ಮೇಲೆ ಲೇಔಟ್ ಮಾಡಿ ಸೈಟ್ ಹಂಚಿ, ಮಳೆ ಬಂದಾಗ ಬೋಟ್ ತರಿಸೋ ಊರಿನ ಸುದ್ದಿ ಓದಿಕೊಂಡೇ ಬೆಳೆದ ನನಗೆ ಈ ಕಾನೂನು ಓದಿದ ದಿನ ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು.

ನಮ್ಮ ಹದಿನೈದು ಎಕರೆಯಲ್ಲೂ ಅಂಥ ಐದಾರು ಮನೆ ಇದ್ದವಂತೆ. ಈಗ ಹಳೇ ಸೈಕಮೋರ್ ಮರಗಳು, ಬೀಚ್ ಮರಗಳು, ಅದರ ಕೆಳಗೆ ಪ್ರಿವೆಟ್ ಪೊದೆ. ಚೈನಾದಿಂದ ಬೇಲಿಗೆ ಅಂತ ತಂದ ಗಿಡ, ನಮ್ಮಲ್ಲಿ ಲಂಟಾನ ಹೇಗೋ ಇಲ್ಲಿ ಅದು ಹಾಗೆ. ಎದೆಮಟ್ಟಕ್ಕೆ ಬೆಳೆದು ಒಳಗೆ ಏನಿದೆ ಅಂತ ಕಾಣೋದೇ ಇಲ್ಲ. ಅದರ ಪಕ್ಕದಲ್ಲೇ ನಡೆಯೋ ದಾರಿ. ಸಂಜೆ ಆರರ ಮೇಲೆ ಆ ದಾರೀಲಿ ಒಬ್ಬ ಹೆಂಗಸೂ ಕಾಣ್ತಿರಲಿಲ್ಲ, ನಾನೂ ಹೋಗ್ತಿರಲಿಲ್ಲ. ಮಂಡ್ಯದ ಓದುಗರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಅರ್ಧ ಇದೆ. ಪೊದೆ ತೆಗೆದು, ಜನ ಓಡಾಡೋ ಹಾಗಾದರೆ ನನಗೆ ಮನೆ ಹಿಂದೆಯೇ ಒಂದು ಕಾಡು ಸಿಗ್ತಿತ್ತು.

ಕೇಳೋಕೆ ಶುರು ಮಾಡಿದ್ದು ನಾನಲ್ಲ. ನಿವೃತ್ತ ಎಲೆಕ್ಟ್ರೀಷಿಯನ್ ಒಬ್ಬರು, ವಯಸ್ಸು 71, ಹತ್ತು ವರ್ಷದಿಂದ ಪಾರ್ಕ್ ಇಲಾಖೆಗೆ ಪ್ರತಿ ಜನವರಿಗೊಂದು ಪತ್ರ ಹಾಕ್ತಿದ್ದರಂತೆ. ಅವರ ಜೊತೆ ಶಾಲೆಯ ಪಿ.ಟಿ. ಮೇಷ್ಟ್ರೊಬ್ಬರು, ನೈಟ್ ಶಿಫ್ಟ್ ಮಾಡೋ ನರ್ಸ್ ಒಬ್ಬರು. ಶಾರ್ಲೆಟ್‌ನಲ್ಲಿ ಮಂಗಳವಾರ ಹೆಂಗಸರೇ ಸೇರಿ ಆಡೋ ಗುಂಪಿದೆ, ನರ್ಸ್ ನನಗೆ ಪರಿಚಯ ಆಗಿದ್ದು ಅಲ್ಲಿ. ನಿನಗೆ ಮ್ಯಾಪ್ ಮಾಡೋಕೆ ಬರುತ್ತಾ ಅಂದರು. ಬರುತ್ತೆ ಅಂದೆ. ಅಷ್ಟಕ್ಕೇ ನಾನು ನಾಲ್ಕನೆಯವಳಾದೆ. ಅದು ಆಗಸ್ಟ್ ತಿಂಗಳು.

ಇಲಾಖೆಯವರ ಮೊದಲ ಉತ್ತರ ಎಲ್ಲ ಇಲಾಖೆಗಳ ಉತ್ತರವೇ: ಈ ವರ್ಷ ಬಜೆಟ್ ಇಲ್ಲ. ಆದರೆ ಎರಡನೇ ಸಾಲು ಬೇರೆ ಇತ್ತು. ಪ್ಲಾನ್ ತನ್ನಿ, ಖರ್ಚಿನ ಲೆಕ್ಕ ತನ್ನಿ, ಯಾರು ನಿರ್ವಹಣೆ ಮಾಡ್ತೀರಿ ಅಂತ ಬರೆದು ತನ್ನಿ, ಆಮೇಲೆ ಕೌನ್ಸಿಲ್ ಮುಂದೆ ಇಡೋಣ. ಊರಲ್ಲಿ ಒಂದು ಕೋರ್ಸ್ ಬೇಕು ಅಂತ ಓಡಾಡೋ ಬಹಳ ಜನ ಮೊದಲ ಸಾಲು ಓದಿ ಸಿಟ್ಟಾಗಿ ಎದ್ದು ಬರ್ತಾರೆ ಅಂತ ಕಾಣುತ್ತೆ. ನಮ್ಮ ಎಲೆಕ್ಟ್ರೀಷಿಯನ್ ಅಜ್ಜ ಹತ್ತು ವರ್ಷ ಅನುಭವ ಇದ್ದೋರು, ಎರಡನೇ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಂದಿದ್ದರು.

ಲೆಕ್ಕ ಹೇಳ್ತೀನಿ, ಯಾಕಂದ್ರೆ ಹೆಚ್ಚು ಜನ ಕೇಳಿದ್ದು ಅದನ್ನೇ. ನಾವು ಕೊಂಡ ಬುಟ್ಟಿ ಒಂದಕ್ಕೆ ಸುಮಾರು 450 ಡಾಲರ್, ಒಂಬತ್ತಕ್ಕೆ 4,050. ನಿಂತು ಎಸೆಯೋ ಜಾಗಕ್ಕೆ ಟೀ ಪ್ಯಾಡ್ ಅಂತಾರೆ, 5 ಅಡಿ ಅಗಲ 12 ಅಡಿ ಉದ್ದದ ಕಾಂಕ್ರೀಟ್ ಹಾಸು. ಒಂಬತ್ತು ಪ್ಯಾಡ್, ಸಾಮಾನು, ಬಾಡಿಗೆ ಮಷೀನು ಎಲ್ಲ ಸೇರಿ 3,000. ಪ್ರತಿ ಹೋಲಿಗೂ ಒಂದು ಬೋರ್ಡು, ದೂರ ಮತ್ತು ನಕ್ಷೆ ಇರೋದು, 1,100. ಒಂದು ಚರಂಡಿ ದಾಟೋಕೆ ಮರದ ಸೇತುವೆ ಮತ್ತು ಸೂಚನಾ ಫಲಕ 1,800. ಹತ್ತಿರ ಹತ್ತಿರ ಹತ್ತು ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ ಎಂಟೂವರೆ ಲಕ್ಷ. ಒಂದು ಟೆನಿಸ್ ಕೋರ್ಟ್ ಹೊಸದಾಗಿ ಕಟ್ಟೋ ಖರ್ಚಿನ ಸಣ್ಣ ಪಾಲು ಇದು. ಕೂಲಿ ಎಲ್ಲಿ ಅಂತ ಕೇಳಬೇಡಿ, ಕೂಲಿ ನಾವೇ.

ಅರ್ಧ ನೀವು ತಂದರೆ ಅರ್ಧ ನಾವು ಅಂದ್ರು ಟೌನಿನವರು. ಹೋಲಿಗೊಬ್ಬ ಪ್ರಾಯೋಜಕರು ಅಂತ ಊರೆಲ್ಲ ಸುತ್ತಿದೆವು, ಬೋರ್ಡಿನ ಕೆಳಗೆ ಅವರ ಹೆಸರು. ಹಲ್ಲಿನ ಡಾಕ್ಟರ್, ಪಿಜ್ಜಾ ಅಂಗಡಿ, ಟೈರ್ ಅಂಗಡಿ. ನಾಲ್ಕನೇ ಹೋಲು ನಮ್ಮ ಇಂಡಿಯನ್ ಗ್ರಾಸರಿ ಅಂಗಡಿ ತೆಲುಗು ಅಂಕಲ್‌ದು. ಅವರು ಈವರೆಗೂ ಆ ಕಡೆ ಕಾಲಿಟ್ಟಿಲ್ಲ, ಆದರೆ ಕರಿಬೇವು ತರೋಕೆ ಹೋದಾಗಲೆಲ್ಲ "ನನ್ನ ಹೋಲು ಹೇಗಿದೆಯಮ್ಮ" ಅಂತ ವಿಚಾರಿಸ್ತಾರೆ.

ಈಗ ಜಗಳದ ವಿಷಯ. ನವೆಂಬರಿನಲ್ಲಿ ಟೌನ್ ಹಾಲಿನಲ್ಲಿ ಸಾರ್ವಜನಿಕ ಸಭೆ. ಯಾರು ಬೇಕಾದರೂ ಎದ್ದು ನಿಂತು ಮೂರು ನಿಮಿಷ ಮಾತಾಡಬಹುದು, ಮೂರು ನಿಮಿಷಕ್ಕೆ ಸರಿಯಾಗಿ ಕೆಂಪು ದೀಪ. ನಮ್ಮ ಪ್ಲಾನು ಹದಿನೆಂಟು ಹೋಲಿಂದು. ಪರವಾಗಿ ಹನ್ನೊಂದು ಜನ ಮಾತಾಡಿದರು, ವಿರೋಧವಾಗಿ ಹದಿನಾಲ್ಕು. ಬಿಯರ್ ಕುಡಿದು ಗಲಾಟೆ ಮಾಡ್ತಾರೆ ಅಂದ್ರು ಒಬ್ಬರು. ನಾಯಿ ತಗೊಂಡು ಬರೋರಿಗೆ ತಟ್ಟೆ ತಗುಲುತ್ತೆ ಅಂದ್ರು ಇನ್ನೊಬ್ಬರು. ಎರಡೂ ಇಲ್ಲದ ಭಯ ಅಲ್ಲ. ಗಟ್ಟಿ ಅಂಚಿನ 175 ಗ್ರಾಂ ಪ್ಲಾಸ್ಟಿಕ್ ವೇಗವಾಗಿ ಬಂದು ಮುಖಕ್ಕೆ ಬಿದ್ದರೆ ಹೊಲಿಗೆ ಹಾಕಿಸಬೇಕಾಗುತ್ತೆ.

ನಾನು ಮಾತಾಡಿದ್ದು ಸಂಜೆ ಆರರ ಮೇಲಿನ ಆ ದಾರಿಯ ಬಗ್ಗೆ. ಎರಡು ನಿಮಿಷಕ್ಕೇ ಮುಗಿಸಿ ಕೂರಬೇಕು, ಅಷ್ಟರಲ್ಲಿ ಸಭೆಯ ಹಿಂದಿನ ಸಾಲಿನಿಂದ ಒಬ್ಬರು, ಸಿಟ್ಟಿನಿಂದೇನಲ್ಲ, ಕೇಳಿದರು: "ನೀವು ಈ ಊರಲ್ಲಿ ಎಷ್ಟು ವರ್ಷ ಇರ್ತೀರಿ?" ಅಧ್ಯಕ್ಷರು ಅದನ್ನ ತಡೆದರು, ಉತ್ತರ ಕೊಡಬೇಕಾಗಿಲ್ಲ ಅಂದರು. ನಾಲ್ಕು ವರ್ಷದಿಂದ ಇದ್ದೀನಿ, ತೆರಿಗೆ ಕಟ್ತೀನಿ, ವೋಟಿಲ್ಲ, ಅಂತ ಹೇಳಿ ಕೂತೆ. ಆದರೆ ಎಷ್ಟು ವರ್ಷ ಇದ್ದೀರಿ ಅಂತ ಅಲ್ಲ ಅವರು ಕೇಳಿದ್ದು. ಎಷ್ಟು ವರ್ಷ ಇರ್ತೀರಿ ಅಂತ. ಎಚ್-1ಬಿ ವೀಸಾದಲ್ಲಿರೋ ಯಾರನ್ನ ಬೇಕಾದ್ರೂ ಕೇಳಿ, ಆ ಪ್ರಶ್ನೆ ರಾತ್ರಿ ಮನೆಗೆ ಜೊತೇಲೇ ಬರುತ್ತೆ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತ ಭಾರತೀಯರಿಗೆ ದಶಕದ ಲೆಕ್ಕ. ಗೋಡೆಗೆ ಮೊಳೆ ಹೊಡೆಯೋಕೂ ಎರಡು ಸಲ ಯೋಚಿಸ್ತೀವಿ, ಇನ್ನು ನೆಲಕ್ಕೆ ಕಾಂಕ್ರೀಟ್ ಹಾಕೋದು!

ಕೊನೆಯಲ್ಲಿ ಎದ್ದವರು ನಿವೃತ್ತ ಬಯಾಲಜಿ ಟೀಚರ್. ಬಿಳಿಕೂದಲು, ಕೊರಳಲ್ಲಿ ಬೈನಾಕ್ಯುಲರ್. ಅವರು ಬಿಯರು, ನಾಯಿ ಯಾವುದನ್ನೂ ಎತ್ತಲಿಲ್ಲ. ಎರಡು ಫೋಟೋ ತೋರಿಸಿದರು. ಒಂದು, ಹಳೇ ಸೈಕಮೋರ್ ಮರದ ಪೊಟರೆಯಲ್ಲಿ ಬಾರ್ಡ್ ಔಲ್ ಅನ್ನೋ ಗೂಬೆ, ಎರಡು ಮರಿ ಸಮೇತ. ಇನ್ನೊಂದು, ಬೇರೆ ಊರಿನ ಕೋರ್ಸಿನಲ್ಲಿ ಮರದ ಬುಡ. ಸಾವಿರಾರು ಜೋಡಿ ಬೂಟು ಒಂದೇ ಜಾಗದಲ್ಲಿ ತುಳಿದು ಮಣ್ಣು ಕೊಚ್ಚಿಹೋಗಿ, ಬೇರುಗಳು ಮುದುಕರ ಕೈನರದ ಹಾಗೆ ಹೊರಗೆ ಬಂದಿದ್ದವು. ಟೆಕ್ಸಾಸಿನ ಆಸ್ಟಿನ್‌ನಲ್ಲಿ ಪೀಸ್ ಪಾರ್ಕ್ ಅಂತಿದೆ, ಅಲ್ಲಿ ವರ್ಷಗಟ್ಟಲೆ ಜನ ಮುಗಿಬಿದ್ದು ಆಡ್ತಿದ್ದ ಕೋರ್ಸನ್ನ ಮಣ್ಣು, ಮರಗಳ ಗತಿ ನೋಡಿ ಕೊನೆಗೆ ಮುಚ್ಚಬೇಕಾಯಿತು, ಬೇರೆ ಕಡೆ ಹೊಸದು ಮಾಡಿದರು ಅಂತ ನೆನಪಿಸಿದರು. ಕೆಂಪು ದೀಪ ಬರೋಕೆ ಇನ್ನೂ ಹತ್ತು ಸೆಕೆಂಡು ಇರೋವಾಗ ಕೂತರು.

ನಮ್ಮ ಕಡೆಯ ಪಿ.ಟಿ. ಮೇಷ್ಟ್ರಿಗೆ ಸಿಟ್ಟು ಬಂದಿತ್ತು. ಒಂದು ಗೂಬೆಗೋಸ್ಕರ ಊರಿನ ಮಕ್ಕಳ ಆಟ ನಿಲ್ಲಬೇಕಾ ಅಂತ ಪಾರ್ಕಿಂಗ್ ಲಾಟಿನಲ್ಲಿ ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ನೋಡಿ, ವಿರೋಧ ಮಾಡೋರಲ್ಲಿ ಎರಡು ಜಾತಿ. ಒಬ್ಬರು ಆ ಜಾಗಕ್ಕೆ ಯಾವತ್ತೂ ಬಾರದವರು, ಅವರಿಗೆ ಏನೂ ಬದಲಾಗಬಾರದು ಅಷ್ಟೇ. ಇನ್ನೊಬ್ಬರು ನಮಗಿಂತ ಹೆಚ್ಚು ಆ ಜಾಗದಲ್ಲಿ ಓಡಾಡಿದವರು. ಈ ಎರಡನೆಯವರ ಜೊತೆ ಗೆಲ್ಲೋ ಬದಲು ಒಂದು ಬೆಳಿಗ್ಗೆ ಜೊತೆಗೆ ನಡೆದು ಬರೋದು ಲಾಭ. ನರ್ಸ್ ಅವರಿಗೆ ಫೋನ್ ಮಾಡಿದರು. ಡಿಸೆಂಬರ್ ಚಳಿಯಲ್ಲಿ ನಾವು ಮೂವರು ಅವರ ಹಿಂದೆ ನಾಲ್ಕು ಗಂಟೆ ನಡೆದೆವು, ಕೈಯಲ್ಲಿ ಬಣ್ಣದ ಸಣ್ಣ ಬಾವುಟಗಳು. ಇಲ್ಲಿ ಬೇಡ ಅಂದಲ್ಲಿ ಕೆಂಪು, ಇಲ್ಲಿ ಪರವಾಗಿಲ್ಲ ಅಂದಲ್ಲಿ ಹಳದಿ.

ನಾನು ಅದನ್ನೆಲ್ಲ ಮ್ಯಾಪಿಗೆ ಹಾಕಿದಾಗ ಹದಿನೆಂಟು ಹೋಲು ಕೂರಲೇ ಇಲ್ಲ. ಹದಿನೆಂಟಕ್ಕೆ ಸಾಮಾನ್ಯವಾಗಿ ಹೋಲಿಗೊಂದು ಎಕರೆ ಅಂತ ಇಟ್ಟುಕೊಂಡರೂ ಹದಿನೆಂಟು ಎಕರೆ ಬೇಕು, ನಮ್ಮ ಹತ್ತಿರ ಇದ್ದದ್ದೇ ಹದಿನೈದು, ಅದರಲ್ಲಿ ಅರ್ಧಕ್ಕೆ ಕೆಂಪು ಬಾವುಟ. ಒಂಬತ್ತಕ್ಕೆ ಇಳಿಸಿದೆವು. ಸೈಕಮೋರ್ ಸುತ್ತ ನೂರೈವತ್ತು ಅಡಿ ಏನೂ ಇಲ್ಲ. ಗೂಬೆ ಮರಿ ಮಾಡೋ ಕಾಲ, ಮಿಕ್ಕ ಹಕ್ಕಿಗಳ ಗೂಡಿನ ಕಾಲ, ಅಂದ್ರೆ ಮಾರ್ಚಿಂದ ಜುಲೈ ಮಧ್ಯದವರೆಗೆ ಗರಗಸ ಮುಟ್ಟೋ ಹಾಗಿಲ್ಲ. ಪ್ರತಿ ಬುಟ್ಟಿಗೂ ಎರಡೆರಡು ಗುಂಡಿ, ಕೆಲವು ತಿಂಗಳಿಗೊಮ್ಮೆ ಬುಟ್ಟಿಯನ್ನ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದರೆ ತುಳಿತಕ್ಕೆ ಸಿಕ್ಕ ನೆಲಕ್ಕೆ ಸುಧಾರಿಸಿಕೊಳ್ಳೋಕೆ ಸಮಯ ಸಿಗುತ್ತೆ. ನೆಲದಲ್ಲಿ ಒಂದು ಕೊಳವೆ ಹೂತಿಟ್ಟು ಬುಟ್ಟಿಯ ಕಂಬವನ್ನ ಅದರೊಳಗೆ ಇಳಿಸಿ ಬೀಗ ಹಾಕೋದು, ಅಷ್ಟೇ ತಂತ್ರ. ಮರಗಳ ಬುಡಕ್ಕೆ ವರ್ಷಕ್ಕೆರಡು ಸಲ ಮರದ ಚಕ್ಕೆ ಹರಡಬೇಕು.

ನಡೆಯೋ ದಾರಿಯ ವಿಷಯದಲ್ಲಿ ನನ್ನದೊಂದು ಕೊಡುಗೆ ಇದೆ, ಹೇಳ್ಕೋತೀನಿ. ಬಲಗೈಯವರು ಸಾಮಾನ್ಯ ರೀತಿಯಲ್ಲಿ ಎಸೆದ ಡಿಸ್ಕ್ ವೇಗ ಕಡಿಮೆಯಾಗ್ತಾ ಕೊನೆಗೆ ಎಡಕ್ಕೆ ಬಾಗುತ್ತೆ. ಜನರಲ್ಲಿ ಹೆಚ್ಚಿನವರು ಬಲಗೈಯವರೇ. ಅಂದಮೇಲೆ ದಾರಿ ಹೋಲಿನ ಎಡಗಡೆ ಇರಬಾರದು. ಮೊದಲ ಡ್ರಾಯಿಂಗಿನಲ್ಲಿ ಎರಡನೇ ಮತ್ತು ಏಳನೇ ಹೋಲು ಹಾಗಿದ್ದವು. ದಿಕ್ಕು ತಿರುಗಿಸಿದೆವು, ಟೀ ಪ್ಯಾಡಿದ್ದಲ್ಲಿ ಬುಟ್ಟಿ, ಬುಟ್ಟಿ ಇದ್ದಲ್ಲಿ ಟೀ ಪ್ಯಾಡ್. ಒಂದು ರೂಪಾಯಿ ಖರ್ಚಿಲ್ಲ. ನಾಯಿಯವರ ತಕರಾರು ಅಲ್ಲಿಗೆ ಬಹುಪಾಲು ಮುಗೀತು.

ಫೆಬ್ರವರಿಯಲ್ಲಿ ಕೌನ್ಸಿಲ್ ಒಪ್ಪಿಗೆ ಕೊಟ್ಟಿತು, ಒಂದು ಷರತ್ತಿನ ಮೇಲೆ. ಐದು ವರ್ಷದ ನಿರ್ವಹಣೆ ಕರಾರು, ಅದಕ್ಕೆ ಇಬ್ಬರ ಹೆಸರು, ಇಬ್ಬರ ಸಹಿ. ಚಕ್ಕೆ ಹರಡೋದು, ಕಸ ಎತ್ತೋದು, ನೆರೆ ಇಳಿದ ಮೇಲೆ ಬುಟ್ಟಿಗೆ ಸಿಕ್ಕಿದ ಕೊಂಬೆ ತೆಗೆಯೋದು, ಎಲ್ಲಕ್ಕೂ ಆ ಇಬ್ಬರು ಜವಾಬ್ದಾರರು. ಮೇಷ್ಟ್ರು ಬೇರೆ ಊರಿಗೆ ವರ್ಗ ಕೇಳಿದ್ದರು. ನರ್ಸಿಗೆ ಮೂವರು ಸಣ್ಣ ಮಕ್ಕಳು, ಮೇಲೆ ನೈಟ್ ಶಿಫ್ಟ್. ಉಳಿದದ್ದು ನಾನು ಮತ್ತು ಅಜ್ಜ. ಆ ವಾರವೇ ನಮ್ಮ ಕಂಪನಿಯಲ್ಲಿ ಪಕ್ಕದ ಟೀಮಿನ ಒಂಬತ್ತು ಜನರನ್ನ ಒಂದೇ ಬೆಳಿಗ್ಗೆ ಕಳಿಸಿದ್ದರು. ನಾನು ಅಜ್ಜನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಐದು ವರ್ಷ ಇಲ್ಲಿರ್ತೀನಿ ಅಂತ ನಾನು ಯಾರಿಗೂ ಬರೆದುಕೊಡೋ ಸ್ಥಿತಿಯಲ್ಲಿಲ್ಲ.

ಅವರು ಕಾಫಿ ಕಪ್ಪು ಕೆಳಗಿಟ್ಟು, "ನನಗೆ 71 ಆಯ್ತು. ಎರಡು ಸ್ಟೆಂಟ್ ಹಾಕಿದ್ದಾರೆ. ನಾನು ಐದು ವರ್ಷ ಬರೆದುಕೊಡಬಹುದು ಅಂತೀಯಾ?" ಅಂದರು. ಆಮೇಲೆ ಕರಾರು ನನ್ನ ಕಡೆ ತಳ್ಳಿ, "ಇಬ್ಬರಲ್ಲಿ ಒಬ್ಬರಾದರೂ ಇರ್ತೀವೇನೋ, ಹಾಕು" ಅಂದರು.

ಹಾಕಿದೆ.

ಜುಲೈ ಮಧ್ಯದಿಂದ ಪ್ರತಿ ಶನಿವಾರ ಬೆಳಿಗ್ಗೆ ಏಳಕ್ಕೆ ಕೆಲಸ. ಕ್ಯಾರೊಲಿನಾ ಸೆಕೆ ಮಂಗಳೂರಿನ ಮೇ ತಿಂಗಳಿಗೆ ಕಡಿಮೆ ಇಲ್ಲ. ಪ್ರಿವೆಟ್ ಕಡಿಯೋದಕ್ಕಿಂತ ಬೇರು ಸಮೇತ ಕೀಳೋದು ಕಷ್ಟ, ಬೇರು ಬಿಟ್ಟರೆ ಮುಂದಿನ ವರ್ಷ ಮತ್ತೆ ಅಷ್ಟೇ. ಪಾಯ್ಸನ್ ಐವಿ ಬಳ್ಳಿ ಮುಟ್ಟಿದರೆ ಎರಡು ವಾರ ತುರಿಕೆ. ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಾಗಿಲ್ಲ, ಇಲ್ಲೂ ಅದೇ, ಮನೆಗೆ ಬಂದು ಬಟ್ಟೆ ಕೊಡವಿ ಕಾಲೆಲ್ಲ ನೋಡಿಕೊಳ್ಳಬೇಕು. ಒಂದೊಂದು ಶನಿವಾರ ಮೂವತ್ತು ಜನ ಬಂದರು, ಒಂದೊಂದು ಸಲ ನಾಲ್ಕೇ. ಹೈಸ್ಕೂಲ್ ಹುಡುಗರಿಗೆ ಇಲ್ಲಿ ಸಮಾಜಸೇವೆ ಗಂಟೆಗಳ ಲೆಕ್ಕ ತೋರಿಸಬೇಕಾಗುತ್ತೆ, ಅವರಿಂದ ತುಂಬ ಅನುಕೂಲ ಆಯ್ತು. ಸ್ಕೌಟ್ ಹುಡುಗನೊಬ್ಬ ಈಗಲ್ ಪದವಿಗೆ ಮಾಡಲೇಬೇಕಾದ ಪ್ರಾಜೆಕ್ಟ್ ಅಂತ ಆ ಮರದ ಸೇತುವೆಯನ್ನ ತಾನೇ ವಹಿಸಿಕೊಂಡ. ಹದಿನಾರು ವರ್ಷದ ಹುಡುಗ, ನಮ್ಮ ಆಫೀಸಿನ ಎಷ್ಟೋ ಮ್ಯಾನೇಜರುಗಳಿಗಿಂತ ಚೆನ್ನಾಗಿ ಜನರ ಹತ್ತಿರ ಕೆಲಸ ತೆಗೆದ.

ಸೆಪ್ಟೆಂಬರಿನಲ್ಲಿ ಕಾಂಕ್ರೀಟ್. ಆಗ ಅಪ್ಪ ಅಮ್ಮ ತುಮಕೂರಿಂದ ಬಂದಿದ್ದರು. ಅಪ್ಪ ನೀರಾವರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇಂಜಿನಿಯರ್ ಆಗಿದ್ದವರು. ಇಲ್ಲಿಗೆ ಬಂದ ಮೇಲೆ ಟಿವಿ, ವಾಕಿಂಗ್, ಮತ್ತೆ ಟಿವಿ. "ಏನ್ ಪುಟ್ಟಿ ಇದು, ಜೈಲಿಗೆ ಹಾಕಿದಂಗಿದೆ" ಅಂತಿದ್ದರು. ಮೊದಲ ಪ್ಯಾಡ್ ಹಾಕಿದ ದಿನ ಸುಮ್ಮನೆ ನೋಡೋಕೆ ಬಂದವರು, ಹುಡುಗರು ಕಾಂಕ್ರೀಟ್ ಹಾಕಿ, ಮೇಲೆ ಪೊರಕೆ ಎಳೆದು ಗೆರೆ ಮಾಡಿ, ಹಾಗೇ ಬಿಸಿಲಿಗೆ ಬಿಟ್ಟು ಹೊರಟಿದ್ದು ನೋಡಿ ತಡೆಯೋಕಾಗಲಿಲ್ಲ. "ಕ್ಯೂರಿಂಗ್ ಯಾರ್ ಮಾಡ್ತಾರೆ?" ಅಂತ ಕನ್ನಡದಲ್ಲೇ ಕೇಳಿದರು, ಇಡೀ ಗುಂಪಿಗೆ. ನಾನು ಅನುವಾದ ಮಾಡಿದೆ. ಮುಂದಿನ ಹದಿನೈದು ದಿನ ಅಪ್ಪನ ಡ್ಯೂಟಿ ಅದೇ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒದ್ದೆ ಗೋಣಿ ಹೊದಿಸೋದು, ಹಳ್ಳದಿಂದ ಬಕೆಟಿನಲ್ಲಿ ನೀರು ತರೋದು. ಅಜ್ಜನಿಗೂ ಅಪ್ಪನಿಗೂ ಭಾಷೆ ಒಂದೂ ಸರಿಯಾಗಿ ಹೊಂದೋದಿಲ್ಲ. ಆದರೂ ಮಧ್ಯಾಹ್ನ ಇಬ್ಬರೂ ಮರದ ಕೆಳಗೆ ಕೂತು ಸಿಮೆಂಟಿನ ಬಗ್ಗೆ ಗಂಟೆಗಟ್ಟಲೆ ಏನೋ ಮಾತಾಡ್ತಿದ್ದರು. ನಿಮ್ಮಪ್ಪ ಮುಂದಿನ ಸಲ ಯಾವಾಗ ಬರ್ತಾರೆ ಅಂತ ಅಜ್ಜ ಈಗಲೂ ಕೇಳ್ತಾರೆ. ಅಪ್ಪನೂ ವಾಟ್ಸಾಪಿನಲ್ಲಿ ಕೇಳೋ ಮೊದಲ ಪ್ರಶ್ನೆ ನನ್ನ ಆರೋಗ್ಯ ಅಲ್ಲ, "ಪ್ಯಾಡ್ ಬಿರುಕು ಬಿಟ್ಟಿದೆಯಾ?"

ಬಿಟ್ಟಿಲ್ಲ. ಅಪ್ಪ ಬರೋಕೆ ಮುಂಚೆ ಪ್ರಯೋಗಕ್ಕೆ ಅಂತ ನೋಟೀಸ್ ಬೋರ್ಡಿನ ಕೆಳಗೆ ಹಾಕಿದ್ದ ಸಣ್ಣ ಹಾಸಿನಲ್ಲಿ ಮಾತ್ರ ಎರಡು ಗೆರೆ ಇದೆ.

ಅಕ್ಟೋಬರಿನಲ್ಲಿ ಕೋರ್ಸ್ ತೆರೆಯಿತು. ರಿಬ್ಬನ್ನು, ಫೋಟೋ, ಡೋನಟ್, ಅದೆಲ್ಲ ಆಯ್ತು ಬಿಡಿ. ಅದಾದ ಮೇಲಿನದ್ದು ಹೇಳ್ತೀನಿ. ಮೊದಲ ದೊಡ್ಡ ಮಳೆಗೆ ಆರನೇ ಬುಟ್ಟಿ ವಾಲಿತು, ಒಂದು ದಿಮ್ಮಿ ಬಂದು ಹೊಡೆದಿತ್ತು. ಎಲ್ಲರೂ ಸೇರಿ ನೆಟ್ಟಗೆ ಮಾಡಿದೆವು. ಬಿಯರ್ ಕ್ಯಾನ್ ಸಿಗುತ್ತೆ, ಸುಳ್ಳು ಹೇಳಲ್ಲ, ವಾರಕ್ಕೆ ಒಂದು ಚೀಲ. ಹಳ್ಳಕ್ಕೆ ಬಿದ್ದ ಡಿಸ್ಕುಗಳನ್ನ ಮಕ್ಕಳು ಹೆಕ್ಕಿ ತಂದು ನೋಟೀಸ್ ಬೋರ್ಡಿನ ಪಕ್ಕದ ಡಬ್ಬಿಗೆ ಹಾಕ್ತಾರೆ, ಹಿಂದೆ ಬರೆದ ಫೋನ್ ನಂಬರ್ ನೋಡಿ ನರ್ಸ್ ಫೋನ್ ಮಾಡ್ತಾರೆ. ಸಂಜೆ ಆರೂವರೆಗೆ ನಾನು ಒಬ್ಬಳೇ ಐದು ಹೋಲು ಆಡಿ ಬರ್ತೀನಿ. ಆ ದಾರೀಲಿ ಈಗ ಸ್ಟ್ರೋಲರ್ ತಳ್ಕೊಂಡು ಬರೋ ತಾಯಂದಿರು, ಇಯರ್‌ಫೋನ್ ಹಾಕ್ಕೊಂಡು ಓಡೋ ಹುಡುಗಿಯರು ಸಿಗ್ತಾರೆ. ಬಯಾಲಜಿ ಟೀಚರ್ ಕೂಡ. ಅವರಿಗೆ ಆಟ ಇವತ್ತಿಗೂ ಇಷ್ಟ ಇಲ್ಲ, ಚೈನಿನ ಸದ್ದು ಕರ್ಕಶ ಅಂತಾರೆ. ಪ್ರಿವೆಟ್ ಹೋದ ಜಾಗದಲ್ಲಿ ಇಲ್ಲಿನದೇ ಜರೀಗಿಡ ಬಂದಿದ್ದನ್ನ ಮಾತ್ರ ನನ್ನ ಕರೆದು ತೋರಿಸಿದರು. ಈ ವಸಂತದಲ್ಲಿ ಗೂಬೆ ಅದೇ ಪೊಟರೆಗೆ ಬಂತು. ಒಂದೇ ಮರಿ. ಹೋದ ಸಲ ಎರಡಿತ್ತು ಅಂತ ಅವರು ನೆನಪಿಸಿದರು, ನಾನು ಏನೂ ಹೇಳಲಿಲ್ಲ. ಒಂದು ವರ್ಷದ ಲೆಕ್ಕದಿಂದ ಏನೂ ಗೊತ್ತಾಗಲ್ಲ ಅಂತ ಆಮೇಲೆ ಅವರೇ ಅಂದರು.

ಇನ್ನು ನಮ್ಮೂರಲ್ಲಿ ಮಾಡಬಹುದಾ ಅಂತ ಕೇಳಿದವರಿಗೆ. ಬೆಂಗಳೂರಲ್ಲಿ ಅಲ್ಟಿಮೇಟ್ ಫ್ರಿಸ್ಬಿ ಆಡೋರು ಇದ್ದಾರೆ, ತಟ್ಟೆ ಎಸೆಯೋ ಕೈಗಳಿಗೆ ಕೊರತೆ ಇಲ್ಲ. ಆದರೆ ದಯವಿಟ್ಟು ಲೇಔಟ್ ಪಾರ್ಕಿನಲ್ಲಿ ಶುರು ಮಾಡಬೇಡಿ. ಅರ್ಧ ಎಕರೆಯಲ್ಲಿ ಅಜ್ಜಂದಿರ ವಾಕಿಂಗು, ಮಕ್ಕಳ ಜಾರುಬಂಡೆ, ಓಪನ್ ಜಿಮ್ ಎಲ್ಲ ಇರೋ ಕಡೆ ಗಟ್ಟಿ ಡಿಸ್ಕ್ ಎಸೆಯೋದು ಅಪಾಯ. "ಆಟ ಆಡುವುದನ್ನು ನಿಷೇಧಿಸಿದೆ" ಅನ್ನೋ ಆ ಹಳದಿ ಬೋರ್ಡ್ ನೋಡಿದರೆ ನನಗೂ ಮೈ ಉರಿಯುತ್ತೆ, ಆದರೆ ಈ ಒಂದು ಆಟಕ್ಕೆ ಅದು ಸರಿ. ಐದಾರು ಎಕರೆ ಖಾಲಿ ಇರೋ ಇಂಜಿನಿಯರಿಂಗ್ ಕಾಲೇಜ್ ಕ್ಯಾಂಪಸ್ಸು, ಜನ ಕಡಿಮೆ ಓಡಾಡೋ ತೋಟದ ಅಂಚು, ಇಂಥ ಕಡೆ ನೋಡಿ. ಬುಟ್ಟಿ ಕೊಳ್ಳೋಕೆ ಮುಂಚೆ ಮರಕ್ಕೆ ಒಂದು ಬಣ್ಣದ ಬಟ್ಟೆ ಕಟ್ಟಿ ಅದನ್ನೇ ಗುರಿ ಮಾಡಿ ಮೂರು ತಿಂಗಳು ಆಡಿ. ಹೆಡ್ರಿಕ್ ಶುರು ಮಾಡಿದ್ದೂ ಬರೀ ಕಂಬದಿಂದಲೇ. ಮೂರು ತಿಂಗಳಾದ ಮೇಲೂ ಎಂಟು ಜನ ಬರ್ತಿದ್ದರೆ ಆಗ ವೆಲ್ಡಿಂಗ್ ಅಂಗಡಿಗೆ ಹೋಗಿ. ಒಂದು ಕಂಬ, ಎರಡು ರಿಂಗು, ಒಂದಷ್ಟು ಚೈನು, ನಮ್ಮೂರ ವೆಲ್ಡರುಗಳಿಗೆ ಅದು ಅರ್ಧ ದಿನದ ಕೆಲಸ. ಮತ್ತೆ, ಜಾಗಕ್ಕೆ ದಿನಾ ಬರೋ ಯಾರಾದರೂ ಬೇಡ ಅಂದರೆ ಅವರ ಜೊತೆ ಒಂದು ಬೆಳಿಗ್ಗೆ ನಡೆದು ಬನ್ನಿ.

ಉಳಿದ ಒಂಬತ್ತು ಹೋಲಿನ ಬಗ್ಗೆ ಮುಂದಿನ ತಿಂಗಳು ಮತ್ತೆ ಸಭೆ ಇದೆ. ಮೇಲ್ಭಾಗದಲ್ಲಿ ಟೌನಿನವರು ಇನ್ನೊಂದು ನಾಲ್ಕು ಎಕರೆ ಕೊಂಡಿದ್ದಾರೆ, ಅಜ್ಜನ ಕಣ್ಣು ಅದರ ಮೇಲೆ. ಟೀಚರ್ ವಿರೋಧ ಮಾಡ್ತಾರೆ, ಈಗಲೇ ಹೇಳಿದ್ದಾರೆ. ನಾಲ್ಕಕ್ಕಿಂತ ಹೆಚ್ಚು ಹೋಲು ಆ ಜಾಗ ತಡೆಯಲ್ಲ ಅನ್ನೋದು ನನ್ನ ಲೆಕ್ಕ, ಅಜ್ಜನಿಗೆ ಇನ್ನೂ ಹೇಳಿಲ್ಲ. ಈ ಶನಿವಾರ ಎರಡು ಲೋಡ್ ಮರದ ಚಕ್ಕೆ ಬರ್ತಿದೆ. ಮರ ಕಡಿಯೋ ಕಂಪನಿಯವರು ಪುಕ್ಕಟೆ ಸುರಿದು ಹೋಗ್ತಾರೆ, ಹರಡೋದು ನಮ್ಮ ಕೆಲಸ. ಶಾರ್ಲೆಟ್ ಕಡೆ ಇರೋ ಕನ್ನಡದವರು ಯಾರಾದರೂ ಬಿಡುವಾಗಿದ್ದರೆ ಬನ್ನಿ. ಗ್ಲೌಸ್ ನಾವು ಕೊಡ್ತೀವಿ, ನೀರು ನೀವೇ ತನ್ನಿ.